ಎಲ್ಲರಿಗೂ ಕೈ ಮುಗಿದ ದ್ಯಾವ

ಕೇಳ್ರಪ್ಪಾ, ಒಂದೂರಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಗಂಡ ಸತ್ತಿದ್ದ. ಮಗ ದ್ಯಾವ ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆದಿರಲಿಲ್ಲ. ಸಾಕಮ್ಮನಿಗೋ ಉಬ್ಬಸ. ನೆರೆಹೊರೆಯವರು ಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ.

ಒಂದು ದಿನ ದ್ಯಾವ ಪಕ್ಕದ ಮನೆಯಲ್ಲಿ ಮಜ್ಜಿಗೆ ಇಸಕೊಂಡು ತುಟಿ ಬಿಚ್ಚದೆ ಬಂದ. ಸಾಕಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ಮಂಕೇ! ನಾಳೆ ನಾನು ಸತ್ರೆ ನಿಂಗೊಂದು ತುತ್ತು ಹಾಕೋರು ಬ್ಯಾಡ್ವೇನೋ? ಕೊಟ್ಟೋರಿಗೆ ಕೈ ಮುಗಿದು, 'ದೊಡ್ಡ ಉಪಕಾರ ಆಯ್ತು, ನಿಮ್ಮನೇಲಿ ದಿನಾ ಹಿಂಗೇ ನಡೀಲಿ' ಅನ್ನು!"

"ಆಗ್ಲಿ ಕಣವ್ವ!"

ಊರ ಪಟೇಲರ ಹಿರಿಮಗ ತೀರಿಕೊಂಡು ಹತ್ತು ದಿನವಾಗಿತ್ತು. ಮಾರನೇ ದಿನ ತಿಥಿಯೂಟ. ದ್ಯಾವನಿಗೂ ಎಲೆ ಹಾಕಿ ವಡೆ, ಪಾಯಸ ಬಡಿಸಿದರು. ಹೊಟ್ಟೆ ತುಂಬ ಉಂಡು ಎದ್ದ, ಕೈ ಮುಗಿದ.

"ದೊಡ್ಡ ಉಪಕಾರ ಆಯ್ತು! ನಿಮ್ಮನೇಲಿ ದಿನಾ ಹಿಂಗೇ ನಡೀಲಿ!"

ಹೆಣ್ಣು ಗಂಡು ಅನ್ನದೆ ಎಲ್ಲರೂ ಸೇರಿ ತದುಕಿದರು. ಊದಿದ ಮುಖ ಹೊತ್ತು ಮನೆಗೆ ಬಂದ. ನಡೆದದ್ದು ಕೇಳಿ ಸಾಕಮ್ಮ ರೇಗಿದಳು.

"ಮುಚ್ಚೋ ಬಾಯಿ! ನೀನು ಮಾತೇ ಆಡಬ್ಯಾಡ. ಅವರು ನಿಂಗೇನು ಮಾಡಿದ್ರೋ ನೀನೂ ಅವರಿಗೆ ಅದನ್ನೇ ಮಾಡು!"

"ಆಗ್ಲಿ ಕಣವ್ವ!"

ಆಮೇಲೊಂದು ದಿನ ದ್ಯಾವ ಕೆರೆಗೆ ಜಾರಿ ಬಿದ್ದ. ದಾರಿಯಲ್ಲಿ ಹೋಗುತ್ತಿದ್ದ ಲಿಂಗಶೆಟ್ಟರು ಜುಟ್ಟು ಹಿಡಿದು ಎಳೆದುಹಾಕಿದರು. ಪಾಪ, ಇವರಿಗೆ ಅಕ್ಕಿ ಕೊಡುತ್ತಿದ್ದ ಪುಣ್ಯಾತ್ಮರೂ ಅವರೇ. ದ್ಯಾವ ತುಟಿ ಬಿಚ್ಚಲಿಲ್ಲ, ಯೋಚನೆ ಮಾಡಿದ. ಶೆಟ್ಟರನ್ನು ತಾನೂ ನೀರಿನಿಂದ ಎಳೆಯಬೇಕಲ್ಲ! ಶೆಟ್ಟರೋ ಏರಿ ಮೇಲಿದ್ದಾರೆ! ಹಿಂದಿನಿಂದ ಕೆರೆಗೆ ದಬ್ಬಿದ. ಜುಟ್ಟು ಹಿಡಿದು ಎಳೆದ. ಶೆಟ್ಟರ ಕಾಲು ಮುರಿದಿತ್ತು.

ಅಲ್ಲಿಗೆ ಶೆಟ್ಟರ ಬಾಗಿಲು ಮುಚ್ಚಿತು. ಬೀದಿಯ ಬಾಗಿಲುಗಳೂ ಮುಚ್ಚಿದವು. ಗಂಜಿಯೂ ಇಲ್ಲದೆ ಸಾಕಮ್ಮ ಹಾಸಿಗೆ ಹಿಡಿದಳು. ಏದುಸಿರಲ್ಲೇ ಬೈದಳು.

"ಕೈ ಹಚ್ಚಬ್ಯಾಡ್ವೋ ಮುಠ್ಠಾಳ, ಬಾಯಲ್ಲೇ ಹೇಳು! ನಿನ್ನ ಕೈಗೆ ಏನು ಬಂದ್ರೂ ಅದಕ್ಕೆ ಯಾರ್ಯಾರು ದುಡಿದವ್ರೋ, ಎಲ್ಲರಿಗೂ ಕೈ ಮುಗಿದೇ ಮನೆಗೆ ಬಾ. ಈಗ ಮಲ್ಲಯ್ಯನ ಹತ್ರ ಓಡು, ಔಷಧಿ ತತ್ತಾ."

"ಆಗ್ಲಿ ಕಣವ್ವ!"

ನಾಟಿ ವೈದ್ಯ ಮಲ್ಲಯ್ಯ ಕನಿಕರದಿಂದ ಕಷಾಯ ಕಾಸಿ ಚೊಂಬಿಗೆ ಹಾಕಿಕೊಟ್ಟ. "ಬಿಸಿ ಆರೋದ್ರೊಳಗೆ ಕುಡಿಸೋ, ಉಬ್ಬಸ ನಿಲ್ತದೆ!"

"ದೊಡ್ಡ ಉಪಕಾರ ಆಯ್ತು! ಇದಕ್ಕೆ ಇನ್ಯಾರು ದುಡಿದವ್ರೆ?"

"ಬೇರು ಕಿತ್ತೋನು ಗುಡ್ಡದ ಕರಿಯ. ಓಡು, ಓಡು!"

ದ್ಯಾವ ಓಡಿದ, ಗುಡ್ಡಕ್ಕೆ! ಕರಿಯನಿಗೆ ಕೈ ಮುಗಿದ. ಕರಿಯನ ಗುದ್ದಲಿ ಮಾಡಿದ ಕಮ್ಮಾರನಿಗೆ ಕೈ ಮುಗಿದ. ಕಮ್ಮಾರನಿಗೆ ಇದ್ದಿಲು ಕೊಟ್ಟವನನ್ನು ಪಕ್ಕದೂರಲ್ಲಿ ಹುಡುಕಿ ಕೈ ಮುಗಿದ. ಎಲ್ಲರಿಗೂ ಖುಷಿ. "ದ್ಯಾವಂಗೆ ಬುದ್ಧಿ ಬಂತು!" ಅಂತ ಮುದ್ದೆ ಕೊಟ್ಟು ಉಣ್ಣಿಸಿದರು. ಬುದ್ಧಿಯಂತೆ ಬುದ್ಧಿ! ಕಂಕುಳಲ್ಲಿ ಚೊಂಬು ತಣ್ಣಗಾಗಿದ್ದನ್ನು ಒಬ್ಬನೂ ಮುಟ್ಟಿ ನೋಡಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ಮನೆಗೆ ಬಂದ. ಸಾಕಮ್ಮ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಬಾಯಿಗೆ ಕಷಾಯ ಹುಯ್ದ. ಕಟಬಾಯಲ್ಲಿ ಇಳಿದುಹೋಯಿತು. ಈಗ ಬೈತಾಳೆ, ಈಗ ಬೈತಾಳೆ ಅಂತ ತಲೆ ತಗ್ಗಿಸಿ ಕೂತ. ಬೈಗುಳವಿಲ್ಲ. ಗೊರಗೊರ ಸದ್ದೂ ಇಲ್ಲ. ದ್ಯಾವನಿಗೆ ಆನಂದವೋ ಆನಂದ. ಅವಳಿಗೆ ಕಂಬಳಿ ಹೊದಿಸಿ, ಒಂದೇ ಉಸಿರಿಗೆ ಮಲ್ಲಯ್ಯನ ಮನೆಗೆ ಓಡಿ ಕೈ ಮುಗಿದ.

"ದೊಡ್ಡ ಉಪಕಾರ ಆಯ್ತು ಮಲ್ಲಯ್ಯ! ಅವ್ವನ ಉಬ್ಬಸ ನಿಂತೇಹೋಯ್ತು, ಬೈಯೋದೂ ಬಿಟ್ಟವ್ಳೆ. ನಾಳೀಕೂ ಒಂದಿಷ್ಟು ಕಾಸಿಕೊಡು!"