ಗೊರವಂಕ ಕೇಳಿದ ಎರಡು ನ್ಯಾಯ

ಹೊಂಗೆ ಹೂವು ಕನಸಿನಂತೆ ಉದುರುತ್ತಿದ್ದ ಒಂದು ಮಧ್ಯಾಹ್ನ, ಮೊಟ್ಟೆಯಿಡಲು ಬಂದ ಗೊರವಂಕಕ್ಕೆ ಅಳಿಲು ಪೊಟರೆಯ ಬಾಯಲ್ಲೇ ಅಡ್ಡ ನಿಂತಿತು.

“ಪೊಟರೆ ಬಿಟ್ಟುಕೊಡ್ತೀನಿ ಅಂದಿದ್ದೆಯಲ್ಲ, ಅಳಿಲಣ್ಣ? ಸಂಜೆಯೊಳಗೆ ಮೊಟ್ಟೆ ಇಡಬೇಕು.”

“ಬಾಯಿಮಾತಿಗೆ ಅಂದೆ ತಾಯಿ. ಬದಲಿಗೆ ನೀನು ನನಗೇನು ಕೊಟ್ಟಿದ್ದೆ?”

ಆ ಮರದಲ್ಲಿ ನ್ಯಾಯ ಹೇಳುವವರು ಇರುವೆಗಳು. ಹಿರಿಯ ಇರುವೆ ನೆಲ ಮೂಸಿ ನೋಡಿತು. “ಬರಿಯ ಮಾತಿಗೆ ಕಟ್ಟುಬಿದ್ದು ಹಿಂದೆ ಯಾರೂ ನಡೆದ ಜಾಡು ಇಲ್ಲಿಲ್ಲವಮ್ಮ. ಹಿಂದಿನವರು ನಡೆಯದ ಕಡೆ ನಾವು ಕಾಲಿಡುವುದಿಲ್ಲ.”

“ನಿಮ್ಮಜ್ಜ ಹುಟ್ಟುವಾಗಲೇ ದಾರಿ ಹೊತ್ತು ತಂದಿದ್ದನೇನು?” ಎಂದು ಗೊರವಂಕ ಪಕ್ಕದ ಬಂಡೆಯ ಜೇನುಗೂಡಿಗೆ ಹಾರಿತು. ಅಲ್ಲಿ ಒಂದೊಂದು ನಿಯಮಕ್ಕೂ ಮೊದಲೇ ಒಂದೊಂದು ಮೇಣದ ಕೋಣೆ ಕಟ್ಟಿಟ್ಟಿದ್ದರು.

“ಕೊಟ್ಟ ಮಾತಿನ ಕೋಣೆ ಇದೋ ಇಲ್ಲಿದೆ,” ಎಂದಿತು ಜೇನುನೊಣ. “ಮಾತು ಕೊಟ್ಟವರು ನಡೆಸಲೇಬೇಕು. ಆದರೆ ಆ ಮರದಲ್ಲಿ ನಮ್ಮ ನಿಯಮ ನಡೆಯದು.”

“ಆ ಕೋಣೆಯ ಜೇನು ಒಂದಿಷ್ಟು ಕೊಡಿ, ಸಾಕು.”

ಗೊರವಂಕ ಅದನ್ನು ಕೊಕ್ಕಿನಿಂದ ತೊಟ್ಟಿಕ್ಕಿಸುತ್ತಾ ಇರುವೆಗಳಿದ್ದ ಮರದ ಬುಡದವರೆಗೆ ಬಂತು. ಒಂದು ಇರುವೆ ಮೂಸಿಕೊಂಡು ಹೊರಟಿತು. ಅದರ ಹಿಂದೆ ಹತ್ತು, ಹತ್ತರ ಹಿಂದೆ ಇಡೀ ಸಾಲು, ಕೊಟ್ಟ ಮಾತಿನ ಕೋಣೆ ಮುಟ್ಟಿ, ನಿದ್ದೆಯಲ್ಲಿ ನಡೆದಂತೆ ಹಿಂದಿರುಗಿತು.

ಬಿಸಿಲು ಇಳಿಯುವಾಗ ಗೊರವಂಕ ಮತ್ತೆ ನ್ಯಾಯ ಕೇಳಿತು. ಹಿರಿಯ ಇರುವೆ ನೆಲ ಮೂಸಿತು. “ಜಾಡು ಕೊಟ್ಟ ಮಾತಿನವರೆಗೂ ಹೋಗಿದೆಯಲ್ಲ! ಅಳಿಲೇ, ಪೊಟರೆ ಬಿಡು.”

“ಈ ಜಾಡು ಮಧ್ಯಾಹ್ನ ಇರಲೇ ಇಲ್ಲ!” ಎಂದು ಅಳಿಲು ಬಾಲ ಬಡಿಯಿತು.

“ಏನಂತ ಮಾತಾಡ್ತೀಯ? ಇದು ನಮ್ಮ ಅಜ್ಜಂದಿರ ಕಾಲದ ದಾರಿ.”

ಗೊರವಂಕಕ್ಕೆ ನಾಲಿಗೆಯ ತುದಿಯವರೆಗೆ ಒಂದು ಉತ್ತರ ಬಂದಿತ್ತು. ಅದನ್ನು ನುಂಗಿಕೊಂಡು ಒಳಗೆ ಹೋಗಿ ಮೊಟ್ಟೆಯಿಟ್ಟಿತು.