ಬೀರುವಿನಲ್ಲುಳಿದ ಭುಜಪಟ್ಟಿಗಳು

ತಂಗಿಯ ಮದುವೆಗೆ ಭುಜ ಕಾಣುವ ಗೌನ್ ತೊಡಲು, ತುಂಬು ಎದೆಯ ಜಸಿಂತಾ ತನ್ನ ಬ್ರಾದ ಭುಜಪಟ್ಟಿಗಳನ್ನು ಕಳಚಿ ಬೀರುವಿನಲ್ಲಿಟ್ಟಳು.

ಪಟ್ಟಿಗಳು ಬ್ರಾಗೆ ಹೇಳಿದವು: "ಇಷ್ಟು ವರ್ಷ ಅವಳ ಭಾರ ಹೊತ್ತವರು ನಾವು. ನಾವಿಲ್ಲದೆ ನೀನು ಇಗರ್ಜಿಯ ಮೆಟ್ಟಿಲಲ್ಲೇ ಜಾರುತ್ತೀಯೆ."

ಮದುವೆ ಮುಗಿಸಿ ಬ್ರಾ ಎಲ್ಲೂ ಜಾರದೆ ಮರಳಿತು.

"ಭಾರ ಯಾರು ಹೊತ್ತರು?" ಎಂದು ಪಟ್ಟಿಗಳು ಕೇಳಿದವು.

"ಎದೆಯ ಕೆಳಗೆ ಸುತ್ತುವ ನನ್ನ ಬೆಲ್ಟು. ಇಷ್ಟು ದಿನ ಅವಳು ಅದನ್ನು ಸಡಿಲ ಬಿಟ್ಟು ನಿಮ್ಮನ್ನೇ ಎಳೆದು ಬಿಗಿಯುತ್ತಿದ್ದಳು. ಇವತ್ತು ಅದನ್ನು ಬಿಗಿದಳು."

ಪಟ್ಟಿಗಳು ಮುದುಡಿದವು. "ಹಾಗಾದರೆ ಅವಳಿಗೆ ನಮ್ಮ ನೆನಪೇ ಬರಲಿಲ್ಲ ಅನ್ನು."

"ಬಂತು," ಎಂದಿತು ಬ್ರಾ. "ಕುಣಿಯುವಾಗಲೆಲ್ಲ ನಿಮ್ಮನ್ನು ಸರಿಮಾಡಲು ಭುಜಕ್ಕೆ ಕೈ ಹಾಕುತ್ತಿದ್ದಳು. ನೀವು ಸಿಗದೆ, ನೀವು ಒತ್ತಿ ಮಾಡಿದ ಗುಳಿಯನ್ನೇ ಸವರಿಕೊಳ್ಳುತ್ತಿದ್ದಳು."