ಮುತ್ತಲಗಟ್ಟಿಯ ಅತ್ತೆಹಲಗೆ ವಾಡೆ

ಮುತ್ತಲಗಟ್ಟಿಯ ಹಳೆಯ ಗೌಡರ ವಾಡೆಯನ್ನು ಇಂದಿಗೂ ಯಾರೂ ಗೌಡರ ಹೆಸರಿನಿಂದ ಕರೆಯುವುದಿಲ್ಲ; ಅದು ಅತ್ತೆಹಲಗೆ ವಾಡೆ. ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಹಲಗೆಗೆ ಈ ಸೀಮೆಯ ಗೌಂಡಿಗಳು ಹೇಳುವುದೂ ಅತ್ತೆಹಲಗೆ ಎಂದೇ. ಮೊನ್ನೆ ಊರ ಬ್ಯಾಂಕಿಗೆ ತಂಪುಯಂತ್ರ ಕೂರಿಸಲು ಬಂದವರು ಅದನ್ನು ಡ್ಯಾಂಪರ್ ಎಂದಾಗ, ಜನ ನಕ್ಕು ಸರಿಯಾದ ಹೆಸರು ಹೇಳಿಕೊಟ್ಟರು.

ಹಿಂದೆ ಒಮ್ಮೆ ಈ ವಾಡೆಯಲ್ಲಿ ಶಾಂಭವ್ವ ಗೌಡಶಾನಿ ಎಂಬಾಕೆ ಇದ್ದಳು. ಬೇಸಿಗೆ ಬಂತೆಂದರೆ ಆಕೆಯ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಗೌಂಡಿ ಹುಸೇನಿ ಮಾಳಿಗೆಯ ಮೇಲೆ ಗಾಳಿಗೂಡು ಕಟ್ಟಿದ. ಅಲ್ಲಿಂದ ಇಳಿದ ಗಾಳಿ ಕೆಳಗಿನ ಜೋಳ ಬೀಸುವ ಕೋಣೆಯಲ್ಲಿ ತಂಪಾಗಿ, ಗೋಡೆಯೊಳಗಿನ ಕೊಳವೆಯಿಂದ ಏರಿ ಶಾಂಭವ್ವನ ಮಂಚದ ತಲೆದೆಸೆಗೆ ಬರುತ್ತಿತ್ತು. ಮೊದಲ ಮಧ್ಯಾಹ್ನ ಆಕೆ ಮಗುವಿನಂತೆ ಮಲಗಿದಳು. ಮರುದಿನ ಗಾಳಿಯ ಜೊತೆ ಬೀಸುವ ಪದವೂ ಬಂತು. ಹಿರಿಸೊಸೆ ತಂಗೆವ್ವ, ಕಿರಿಸೊಸೆ ಗುರವ್ವ ಜೋಳ ಬೀಸುತ್ತ ಹಾಡುತ್ತಿದ್ದರು:

ಅತ್ತೆವ್ವ ಮಾಡಿದ ಸಾರಿನ್ಯಾಗ
ಬ್ಯಾಳಿ ಬ್ಯಾಳೀನ ಈಸಿ ಹುಡುಕ್ಯಾವ

ಪದದಲ್ಲಿದ್ದದ್ದು ಸಾರಲ್ಲ, ಪುಂಡಿಪಲ್ಯ ಎನ್ನುವವರೂ ಇದ್ದಾರೆ. ಸಾರೆಂಬುದೇ ಹೆಚ್ಚು ಜನರ ಮಾತು. ಶಾಂಭವ್ವನಿಗೆ ತನ್ನ ಸಾರಿನ ಮೇಲೆ ಬಲು ಹೆಮ್ಮೆ. ಗದರೋಣವೆಂದರೆ ಕದ್ದು ಕೇಳಿದಂತಾಗುತ್ತದೆ, ಸುಮ್ಮನಿರೋಣವೆಂದರೆ ನಿದ್ದೆಯಿಲ್ಲ. ಗಾಳಿ ಇರಲಿ, ಪದ ಬೇಡ ಎಂದು ಹುಸೇನಿಗೆ ಹೇಳಿಕಳಿಸಿದಳು.

"ಗೌಡಶಾನ್ಯಾರ, ಗಾಳೀನ ಜರಡಿ ಹಿಡ್ಯಾಕ ನನಗ ಬರಂಗಿಲ್ಲ," ಎಂದ ಅವನು. "ಹಲಗಿ ಒಂದು ಕೂಡಸ್ತೀನಿ. ಎಷ್ಟು ಗಾಳಿ ಬೇಕೋ ಅಷ್ಟು ಮಾತೂ ತಗೋರಿ."

ಹಲಗೆ ಮುಚ್ಚಿದರೆ ಮೈಯೆಲ್ಲ ಬೆವರು. ತೆರೆದರೆ ಅದು ಕಿರುಗುಟ್ಟುವ ಸದ್ದು ಕೆಳಗೆ ಕೇಳಿ ಪದವೇ ಬದಲಾಗುತ್ತಿತ್ತು: ಅತ್ತೆವ್ವ ಬಂಗಾರ, ಅತ್ತೆವ್ವನ ಸಾರು ಅಮೃತ. ರಾಗವಿಲ್ಲದ ಆ ಹೊಗಳಿಕೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕಡೆಗೊಂದು ಮಧ್ಯಾಹ್ನ ಬೇಸತ್ತು ಹಲಗೆಯನ್ನು ಅರ್ಧಕ್ಕೆ ಎಳೆದಳು. ಸದ್ದು ನಡುವೆಯೇ ನಿಂತದ್ದು ಕೇಳಿ, ಬೈಯಬೇಕೋ ಹೊಗಳಬೇಕೋ ತಿಳಿಯದೆ ಸೊಸೆಯರು ಹಾಡನ್ನೂ ಕಲ್ಲನ್ನೂ ನಿಲ್ಲಿಸಿಬಿಟ್ಟರು. ಆ ಮೌನದಲ್ಲಂತೂ ಆಕೆಗೆ ಮಲಗಲಾಗಲಿಲ್ಲ. ತಲೆದೆಸೆಯ ಗಾಳಿಕಿಂಡಿಗೆ ಬಾಗಿ ಹೇಳಿದಳು:

"ಬ್ಯಾಳಿ ಹುಡುಕೂದು ಸಾಕು. ನಾಳಿಂದ ಸಾರು ಗುರವ್ವ ಮಾಡ್ಲಿ. ಪದ ಮಾತ್ರ ನಿಲ್ಲಸಬ್ಯಾಡ್ರಿ, ನನಗ ನಿದ್ದಿ ಹತ್ತೂದಿಲ್ಲ."

ಕೆಳಗಿನಿಂದ ಗುರವ್ವ ಮೆಲ್ಲಗೆ, "ಅತ್ತೆವ್ವ, ಹಲಗಿ ಅಷ್ಟಕ್ಕ ಇರ್ಲಿ," ಎಂದಳು. ಕಲ್ಲು ಮತ್ತೆ ತಿರುಗಿತು. ಮರುದಿನ ಶಾಂಭವ್ವ ಗುರವ್ವನ ಸಾರು ಉಂಡ ಮೇಲೆ, ಉಪ್ಪಿನ ಮೇಲೊಂದು ಹೊಸ ಪದ ಮೇಲಿನಿಂದ ಕೆಳಕ್ಕೆ ಇಳಿಯಿತು ಎನ್ನುತ್ತಾರೆ.

ವಾಡೆ ನೋಡಲು ಬಂದವರು ಈಗಲೂ ಆ ಕಿಂಡಿಯ ಮುಂದೆ ನಿಲ್ಲುತ್ತಾರೆ. ಹಲಗೆ ಜಾರುವ ಕಲ್ಲಿನ ಜಾಡು ಪೂರ್ತಿ ತೆರೆಯುವ ತುದಿಯಲ್ಲೂ ಪೂರ್ತಿ ಮುಚ್ಚುವ ತುದಿಯಲ್ಲೂ ಹೊಸದರಂತಿದೆ. ನಡುವೆ ಮಾತ್ರ ಬೆರಳು ಹೂತುಹೋಗುವಷ್ಟು ಸವೆದಿದೆ.